ಛತ್ರಿ ಮೇನಕ್ಕ, ಸೌಟು ಮೇನಕ್ಕ

ನಮ್ಮೂರಲ್ಲಿ ಒಬ್ಬರ ಹೆಸರನ್ನು ಸರಿಯಾಗಿ ಕರೆಯದೆ ಅವರ ಹತ್ತಿರ ಏನು ಮಾತಾಡಿದರೂ ಅವರಿಗೆ ಕೇಳಿಸುವುದಿಲ್ಲ. ಕಿವುಡಲ್ಲ, ಸೊಕ್ಕೂ ಅಲ್ಲ. ಕೇಳಿಸುವುದಿಲ್ಲ, ಅಷ್ಟೆ. ದಿನಕ್ಕೊಮ್ಮೆ ಸರಿಯಾಗಿ ಹೆಸರು ಹಿಡಿದು ಕರೆದರೆ ಸಾಕು, ಹೊತ್ತು ಮುಳುಗುವ ತನಕ ನಿಮ್ಮ ಮಾತು ಅವರ ಕಿವಿಗೆ ಬೀಳುತ್ತದೆ. ಮರುದಿನ ಮತ್ತೆ ಕರೆಯಬೇಕು. ಹೊರಗಿನವರು ಇಲ್ಲಿ ಒಂದು ರಾತ್ರಿ ಮಲಗಿ ಎದ್ದರೆ ಅವರಿಗೂ ಇದೇ ಕಾನೂನು. ಹೀಗಾಗಿ ಬೆಳಗಾಯಿತೆಂದರೆ ಊರ ತುಂಬ ಹೆಸರುಗಳದೇ ಗದ್ದಲ. ಗಂಡ ಹೆಂಡತಿಯನ್ನು, ಹೆಂಡತಿ ಅತ್ತೆಯನ್ನು, ಅತ್ತೆ ಹಾಲಿನವನನ್ನು ಕರೆಯುತ್ತ ಹೋಗುತ್ತಾರೆ. ಹಿಂದಿನ ದಿನ ಜಗಳವಾಡಿದ ದಂಪತಿಗಳು ಬೇಕೆಂದೇ ಹೆಸರು ಕೆಡಿಸಿ ಕರೆದುಕೊಂಡು ಇಡೀ ದಿನ ಸುಖವಾಗಿರುತ್ತಾರೆ. ಎಮ್ಮೆಗಳಿಗೆ ಈ ಕಾನೂನು ಇಲ್ಲವಾದ್ದರಿಂದ ನಮ್ಮಲ್ಲಿ ಸೋಮಾರಿಗಳೆಲ್ಲ ಎಮ್ಮೆಯ ಹತ್ತಿರವೇ ಕಷ್ಟಸುಖ ಹೇಳಿಕೊಳ್ಳುತ್ತಾರೆ.

ಹೆಸರುಗಳೂ ಸುಲಭದವಲ್ಲ. ಬರೀ ಅಕ್ಷರ ನೋಡಿ ಓದಿದರೆ ಕೆಲಸ ಕೆಟ್ಟಿತು. ಅದಕ್ಕೇ ಪ್ರತಿ ಬಾಗಿಲ ಮೇಲೆ ಹೆಸರಿನ ಹಲಗೆ, ಹಲಗೆಯ ಅಕ್ಷರಗಳ ಮೇಲೂ ಕೆಳಗೂ ಗುರುತುಗಳು. ಮೇಲೆ ಅಲೆಯಿದ್ದರೆ ಉಸಿರನ್ನು ಮೂಗಿಗೆ ಬಿಡಬೇಕು. ಕೆಳಗೆ ಚುಕ್ಕಿಯಿದ್ದರೆ ನಾಲಿಗೆಯನ್ನು ಹಿಂದಕ್ಕೆ ಮಡಚಬೇಕು. ಕೆಳಗೆ ಉಂಗುರವಿದ್ದರೆ ಆ ಅಕ್ಷರವನ್ನು ಪಿಸುಮಾತಿನಲ್ಲಿ ಹೇಳಬೇಕು. ಮೇಲೆ ಸಣ್ಣ ಓರೆಗೆರೆಯಿದ್ದರೆ ದನಿಯನ್ನು ಅಲ್ಲಿ ಏರಿಸಬೇಕು. ನಾನು ಈ ಊರಿಗೆ ಹಾರ್ಮೋನಿಯಂ ರಿಪೇರಿಗೆಂದು ಬಂದವನು. ಕಿವಿ ಚುರುಕಾಗಿದ್ದರಿಂದ ಬೇಗ ಕಲಿತೆ, ಕಲಿತ ಮೇಲೆ ಇಲ್ಲಿಯೇ ಉಳಿದೆ. ಉಳಿಯಲು ಮೇನಕ್ಕನೂ ಕಾರಣ.

ಮೇನಕ್ಕ ನನ್ನ ಹೆಂಡತಿ. ಬಸ್‌ಸ್ಟ್ಯಾಂಡಿನ ಎದುರಿಗೆ ಗಿರಮಿಟ್ಟು, ಮಿರ್ಚಿಯ ಅಂಗಡಿ ಅವಳದು. ಅವಳ ಹೆಸರಿನ 'ಮೇ' ಮೇಲೆ ಒಂದು ಅಲೆಯಿದೆ. ಬಾಯಿಯನ್ನು ಅಗಲ ಮಾಡಿ, ಅರ್ಧ ಉಸಿರನ್ನು ಮೂಗಿಗೆ ಕಳಿಸಿ, ಆಡಿನ ಹಾಗೆ ಶುರುಮಾಡಿ ಮನುಷ್ಯರ ಹಾಗೆ ಮುಗಿಸಬೇಕು. ಇಲ್ಲಿ ನಾನು ಆ ಅಲೆಯನ್ನು ಬರೆಯುತ್ತಿಲ್ಲ. ಅಚ್ಚು ಹಾಕುವವರ ಮಷೀನು ಅದನ್ನೇನು ಮಾಡೀತೋ ಯಾರಿಗೆ ಗೊತ್ತು. ಮೇನಕ್ಕ ಮಾತ್ರ ಊರಿನ ಎಲ್ಲರ ಹೆಸರನ್ನೂ ಚುಕ್ಕಿ, ಉಂಗುರ ಸಮೇತ ಬಾಣಲೆಯ ಮುಂದೆ ನಿಂತೇ ಕರೆಯುತ್ತಿದ್ದಳು. ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು. "ಮಿರ್ಚಿ ಯಾರರೇ ಮಾಡ್ತಾರ. ಮಂದೀನ್ನ ಕರಿಯಾಕ ಬರಬೇಕು" ಎಂದು ಗಿರಾಕಿಗಳೆದುರೇ ಹೇಳಿಕೊಳ್ಳುತ್ತಿದ್ದಳು.

ಆ ಬೇಸಿಗೆಯಲ್ಲಿ ಊರ ಆಫೀಸಿಗೆ ಮಷೀನು ಬಂತು. ನೀರಿನ ಟ್ಯಾಂಕರಿನ ಮುಂದೆ ಜನ ನೂಕಾಡುವುದು ತಪ್ಪಲಿ ಎಂದು ಅಧ್ಯಕ್ಷ ಅಡಿವೆಪ್ಪ ತರಿಸಿದ್ದ. ಮಷೀನು ಒಬ್ಬೊಬ್ಬರ ಹೆಸರನ್ನು ಓದಿ ಮೈಕಿನಲ್ಲಿ ಕೂಗುತ್ತದೆ, ಕೂಗಿದವರು ಬಂದು ಕೊಡ ತುಂಬಿಸಿಕೊಳ್ಳುತ್ತಾರೆ. ಮೊದಲ ದಿನ ನಾವೆಲ್ಲ ಹೊಸ ಬಟ್ಟೆ ಉಟ್ಟುಕೊಂಡು ಹೋಗಿದ್ದೆವು. ಗುರುತಿಲ್ಲದ ಹೆಸರಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಗುರುತಿನವರ ಸರದಿ ಬಂದಾಗ ಮೈಕು ವಿಚಿತ್ರವಾಗಿ ಮಾತಾಡತೊಡಗಿತು. ಮಷೀನಿಗೆ ಗೊತ್ತಿಲ್ಲದ ಗುರುತು ಬಂದಾಗಲೆಲ್ಲ ಪರದೆಯ ಮೇಲೆ ಒಂದು ಖಾಲಿ ಚೌಕ ಮೂಡುತ್ತಿತ್ತು, ಅದನ್ನೂ ಅದು ನಿಷ್ಠೆಯಿಂದ ಓದುತ್ತಿತ್ತು. "ಸಾ ಚೌಕ ವಕ್ಕ. ಸಾ ಚೌಕ ವಕ್ಕ." ಮೈಕಿನ ಕೆಳಗೇ ಸಾಂವಕ್ಕ ಎಂಬ ಎಪ್ಪತ್ತು ದಾಟಿದ ಮುದುಕಿ ತನ್ನ ತಾಮ್ರದ ಕೊಡ ಹಿಡಿದು ನಿಂತಿದ್ದಳು. ಅವಳಿಗೆ ಏನೂ ಕೇಳಿಸಲಿಲ್ಲ. ಆಚೆ ಈಚೆ ನೋಡಿ ನಗುತ್ತ, ಇನ್ನೂ ತನ್ನ ಸರದಿ ಬಂದಿಲ್ಲವೆಂದು ಟ್ಯಾಂಕರು ಹೊರಟುಹೋಗುವ ತನಕ ನಿಂತೇ ಇದ್ದಳು. ಮೇನಕ್ಕನಿಗೂ ಅದೇ ಗತಿ. ಆದರೆ ಅವಳಿಗೆ ತನ್ನ ಕೊಡಕ್ಕಿಂತ ಸಾಂವಕ್ಕನ ಕೊಡ ಕಣ್ಣಿಗೆ ಬಿತ್ತು. ಖಾಲಿ ಕೊಡ ಹೊತ್ತು ಮನೆಗೆ ಹೋಗುವಾಗಲೂ ಆ ಮುದುಕಿ ತುಂಬಿದ ಕೊಡ ಹೊತ್ತವಳ ಹಾಗೆ ಮೆಲ್ಲಗೆ ನಡೆಯುತ್ತಿದ್ದಳು.

ಮರುದಿನ ಬೆಳಿಗ್ಗೆ ಬಾಣಲೆ ಇಳಿಸಿ ಮೇನಕ್ಕ ಆಫೀಸಿಗೆ ಹೊರಟಳು. ನನ್ನನ್ನೂ ಎಳೆದುಕೊಂಡು ಹೋದಳು, ಏಕೆಂದರೆ ಅಡಿವೆಪ್ಪನಿಗೆ ಅವಳ ಹೆಸರು ಕರೆಯಲು ಬರುತ್ತಿರಲಿಲ್ಲ. ಅವನು ಆಡಿದ್ದನ್ನು ನಾನು ಅವಳಿಗೆ ಹೇಳಬೇಕು, ಕನ್ನಡದಿಂದ ಕನ್ನಡಕ್ಕೆ. ಅವಳು ಆಡಿದ್ದನ್ನು ಅವನು ಕೇಳುತ್ತಿದ್ದ, ಆದರೆ ಕಿವಿಗೆ ಕೈ ಹಿಡಿದು "ಆಂ? ಆಂ?" ಎನ್ನುತ್ತ. ಅವನಿಗೆ ಕಿವಿ ಸ್ವಲ್ಪ ಮಂದ ಎಂದೇ ಊರೆಲ್ಲ ತಿಳಿದಿತ್ತು.

"ಮಷೀನು ಗುರುತು ಓದಂಗಿಲ್ಲ. ಅದಕ್ಕ ನಾ ಏನ್ ಮಾಡ್ಲಿ?" ಎಂದ ಅಡಿವೆಪ್ಪ. ನಾನು ಹೇಳಿದೆ.

"ಓದಂಗ ಮಾಡ್ರಿ" ಎಂದಳು ಮೇನಕ್ಕ.

"ಆಂ? ಮಷೀನು ಬದಲಾಗೂದಿಲ್ಲ ತಂಗಿ. ಮಂದಿ ಬದಲಾಗಬೇಕು. ಗುರುತು ಇದ್ದವರೆಲ್ಲ ಸರಳ ಹೆಸರು ಇಟ್ಕೊಳ್ರಿ. ಚುನಾವಣಿ ಮುಗದ ಮ್ಯಾಲ ಠರಾವ್ ಮಾಡಾಂವ ಅದೀನಿ. ನನ್ನ ಹೆಸರು ನೋಡ್ರಿ, ಎಷ್ಟ ಸ್ವಚ್ಛ ಐತಿ, ಒಂದ್ ಚುಕ್ಕಿ ಇಲ್ಲ."

ಇದನ್ನು ನಾನು ಆದಷ್ಟು ಮೆತ್ತಗೆ ಮಾಡಿ ಹೇಳಿದೆ. ಆದರೂ ಮೇನಕ್ಕನ ಮೂಗು ಕೆಂಪಾಯಿತು. "ಎಪ್ಪತ್ತ ವರ್ಸದ ಸಾಂವಕ್ಕಗ ಹೊಸಾ ಹೆಸರಿಟ್ಟು ತೊಟ್ಟಲದಾಗ ಹಾಕ್ತೀರೇನು? ಜೋಗುಳ ಯಾರು ಹಾಡ್ತೀರಿ, ನೀವೋ?" ಎಂದಳು. ಕೈ ಕಿವಿಯ ಹಿಂದೆ ಇದ್ದರೂ ಅಡಿವೆಪ್ಪನಿಗೆ ಇದು ಚೆನ್ನಾಗಿಯೇ ಕೇಳಿಸಿತು. ಅವನು ಬಾಗಿಲು ತೋರಿಸಿದ. ಬಾಗಿಲಲ್ಲಿ ನಿಂತು ಮೇನಕ್ಕ, "ಚುನಾವಣಿಗೆ ನಾನೂ ನಿಂದರ್ತೀನಿ" ಎಂದುಬಿಟ್ಟಳು. ಮನೆಗೆ ಬರುವ ದಾರಿಯಲ್ಲಿ "ನಾ ಹಂಗಂದೆ ಏನು?" ಎಂದು ನನ್ನನ್ನೇ ಕೇಳಿದಳು. ಹೌದು ಎಂದೆ. "ಅಯ್ಯ ಶಿವನೇ" ಎಂದು ನಗತೊಡಗಿದವಳು ಅಂಗಡಿ ಮುಟ್ಟುವ ತನಕ ನಿಲ್ಲಿಸಲಿಲ್ಲ.

ಮಷೀನಿನ ಮುಂದೆ ಕೂರುವವಳು ಸುಲೋಚನಾ ಎಂಬ ಹುಡುಗಿ, ಬೇರೆ ಊರಿನವಳು. ಮಿರ್ಚಿಯ ಆಸೆಗೆ ಮೇನಕ್ಕನ ಹೆಸರನ್ನು ಬಂದ ವಾರದಲ್ಲೇ ಕಲಿತಿದ್ದಳು. ಗುರುತಿನವರ ಕಷ್ಟ ನೋಡಲಾರದೆ ಅವಳು ಎಲ್ಲೆಲ್ಲೋ ಹುಡುಕಿ, ಅಲೆ, ಉಂಗುರ, ಚುಕ್ಕಿ, ಓರೆಗೆರೆಗಳಿಗೆಲ್ಲ ಮಷೀನಿನೊಳಗೆ ಜಾಗವಿದೆ ಎಂದು ಪತ್ತೆ ಮಾಡಿದಳು. ಮತದಾರರ ಪಟ್ಟಿಯಲ್ಲಿ ಗುರುತಿನವರ ಹೆಸರುಗಳನ್ನು ಒಂದೊಂದಾಗಿ ಸೇರಿಸಿದಳು. ಪರದೆಯ ಮೇಲೆ ಚೌಕ ಹೋಗಿ ಅಲೆ ಬಂತು. ಮೈಕಿಗೆ ಮಾತ್ರ ಇನ್ನೂ ಅದನ್ನು ಓದಲು ಬರುತ್ತಿರಲಿಲ್ಲ, ಕಲಿಸಬೇಕೆಂದರೆ ಸಭೆಯ ಠರಾವು ಬೇಕು. ಇರಲಿ, ಹೆಸರಾದರೂ ಬಂತಲ್ಲ ಎಂದು ಮೇನಕ್ಕ ನಾಮಪತ್ರ ಹಾಕಲು ಹೋದಳು. ಮಷೀನು ಎರಡು ಹಾಳೆ ಉಗುಳಿತು. ಎರಡನೆಯದು ನಕಲಿರಬೇಕೆಂದು ಎರಡಕ್ಕೂ ಸಹಿ ಹಾಕಿ ಬಂದಳು.

ಸಂಜೆ ಆಫೀಸಿನ ಗೋಡೆಗೆ ಅಭ್ಯರ್ಥಿಗಳ ಹೆಸರು ಅಂಟಿಸಿದರು. ಅಡಿವೆಪ್ಪ, ಗುರುತು ಗಡಿಯಾರ. ಮೇನಕ್ಕ, ಗುರುತು ಛತ್ರಿ. ಮೇನಕ್ಕ, ಗುರುತು ಸೌಟು.

"ಈಕಿ ಯಾರು?" ಎಂದಳು ಮೇನಕ್ಕ, ಸೌಟಿನ ಕಡೆ ಬೆರಳು ತೋರಿಸಿ.

ಸುಲೋಚನಾ ತಲೆ ಕೆರೆದುಕೊಂಡು ಮಷೀನು ನೋಡಿದಳು, ಆಮೇಲೆ ನಾಲಿಗೆ ಕಚ್ಚಿಕೊಂಡಳು. "ಅಕ್ಕಾ, ಮಷೀನಿನೊಳಗೆ ಅಕ್ಷರ ಅಂತ ಏನೂ ಇರೋದಿಲ್ಲ, ಬರೀ ನಂಬರು. ಅಕ್ಷರಕ್ಕೊಂದು ನಂಬರು, ಗುರುತಿಗೊಂದು ನಂಬರು. ಅಲೆ ಅಂಟಿಕೊಂಡೇ ಇರೋ 'ಮೇ'ಗೆ ಒಂದು ಬೇರೆ ನಂಬರಿದೆ. ಮೊದಲನೇ ಸಲ ಪರೀಕ್ಷೆಗೆ ಅಂತ ನಿಮ್ಮ ಹೆಸರೊಂದನ್ನ ಹಾಗೆ ಹಾಕಿದೆ. ಆಮೇಲೆ ಓಣಿವಾರು ಸೇರಿಸುವಾಗ ಬರೀ 'ಮೇ' ಹಾಕಿ, ಅದರ ಹಿಂದೆ ಅಲೆ ಹಾಕಿದೆ. ನೋಡೋರ ಕಣ್ಣಿಗೆ ಎರಡೂ ಒಂದೇ. ನಂಬರು ಬೇರೆ ಅಲ್ವಾ, ಅದಕ್ಕೇ ಮಷೀನು ಇಬ್ಬರು ಅಂದುಕೊಂಡಿದೆ."

ಮೇನಕ್ಕ ಗೋಡೆಯ ಮೇಲಿನ ಎರಡೂ ಹೆಸರುಗಳ ಮೇಲೆ ಬೆರಳಾಡಿಸಿದಳು. "ಅಂದ್ರ ಒಬ್ಬಾಕಿ ಕುಂಕುಮ ಹಚ್ಕೊಂಡಽ ಹುಟ್ಯಾಳ. ಇನ್ನೊಬ್ಬಾಕಿ ಹುಟ್ಟಿದ ಮ್ಯಾಲ ಹಚ್ಕೊಂಡಾಳ."

"ಹೂಂ ಅಕ್ಕಾ, ಹಾಗೇ."

"ಎರಡೂ ನಾನಽ."

"ನಮಗೆ ಗೊತ್ತು. ಅದಕ್ಕೆ ಗೊತ್ತಿಲ್ಲ."

ಚುನಾವಣೆಯ ಅಧಿಕಾರಿ ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರು. ಊರಲ್ಲಿ ಒಂದು ರಾತ್ರಿಯೂ ಮಲಗದೆ ಇದ್ದದ್ದರಿಂದ ಅವರಿಗೆ ಎಲ್ಲರ ಮಾತೂ ಕೇಳಿಸುತ್ತಿತ್ತು. ಅವರ ಮಾತು ನಮಗೆ ಕೇಳಿಸುತ್ತಿರಲಿಲ್ಲ. ಸುಲೋಚನಾಳ ಹೆಸರು ಮಾತ್ರ ಅವರಿಗೆ ಬರುತ್ತಿತ್ತು, ಅವಳು ನಡುವೆ ನಿಂತು ನಮಗೆ ಹೇಳಿದಳು. "ಒಬ್ಬರು ಹಿಂದಕ್ಕೆ ಸರಿಯಬೇಕಾದರೆ ಅವರೇ ಬಂದು ಹೇಳಬೇಕಂತೆ."

"ನಾನಽ ಬಂದೀನಲ್ಲ."

"ನೀವು ಛತ್ರಿಯವರು. ಸೌಟಿನವರು ಬರಬೇಕಂತೆ."

ಮೇನಕ್ಕ ಹೊರಗೆ ಹೋದಳು, ಸೆರಗನ್ನು ಬಲಗಡೆಗೆ ಹೊದ್ದು ಒಳಗೆ ಬಂದಳು. ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಪಾಪ, ಒಳ್ಳೆಯ ಮನುಷ್ಯ. ಅವರು ಸುಲೋಚನಾಳಿಗೆ ಬಹಳ ಹೊತ್ತು ಏನೋ ಹೇಳಿದರು. ಅವಳ ಮುಖ ಬಾಡಿತು. "ಅಕ್ಕಾ, ಇಬ್ಬರೂ ನೀವೇ ಅಂತ ಒಪ್ಪಿಕೊಂಡರೆ, ಒಬ್ಬರೇ ಎರಡು ಕಡೆ ಹೆಸರು ಸೇರಿಸಿದ ಹಾಗಾಗುತ್ತಂತೆ. ಎರಡೂ ರದ್ದು. ಕಣದಲ್ಲಿ ಅಡಿವೆಪ್ಪ ಒಬ್ಬರೇ ಉಳೀತಾರೆ. ಇಬ್ಬರೂ ಬೇರೆ ಅಂದರೆ ಇಬ್ಬರೂ ನಿಲ್ಲಬಹುದು. ಯೋಚನೆ ಮಾಡಿ ಹೇಳಿ ಅಂತಿದಾರೆ."

ಯೋಚನೆ ಮಾಡುವಷ್ಟು ಹೊತ್ತು ಮೇನಕ್ಕ ಯಾವತ್ತೂ ತೆಗೆದುಕೊಂಡವಳಲ್ಲ. "ಬ್ಯಾರೆ ಅಂತ ಬರಕೋಳ್ರಿ" ಎಂದಳು. "ಆಕಿಗೂ ನನಗೂ ಮಾತಿಲ್ಲ, ಕತಿಯಿಲ್ಲ."

ಸುದ್ದಿ ಕೇಳಿ ಅಡಿವೆಪ್ಪ ಮಿಠಾಯಿ ಹಂಚಿದ. ಗುರುತಿನವರ ಓಟು ಎರಡು ಪಾಲಾದರೆ ತನ್ನ ಗಡಿಯಾರ ಸುಮ್ಮನೆ ಗೆಲ್ಲುತ್ತದೆ ಎಂಬುದು ಅವನ ಲೆಕ್ಕ. ನನಗೂ ಹಾಗೇ ಅನ್ನಿಸಿತ್ತು. ಎಲ್ಲರೂ ಒಂದೇ ಗುರುತಿಗೆ ಹಾಕುವಂತೆ ಮನೆಮನೆಗೆ ಹೇಳಿ ಬರೋಣ ಎಂದೆ. ಮೇನಕ್ಕ ಒಪ್ಪಲಿಲ್ಲ. ಅವಳ ಕಣ್ಣಲ್ಲಿ ಆಗಲೇ ಏನೋ ಮಿಂಚು. "ನಿಂತಿದ್ದು ಇಬ್ರು. ಇಬ್ರೂ ಛಲೋ ಹಂಗ ನಿಂದರಬೇಕು" ಎಂದಳು.

ಹಾಗೆ ಶುರುವಾಯಿತು. ಬೆಳಿಗ್ಗೆ ಎಡಸೆರಗಿನ ಛತ್ರಿ ಮೇನಕ್ಕ ಓಣಿಗಳಲ್ಲಿ ತಿರುಗುವಳು. ಇವಳದು ಮೆತ್ತಗಿನ ಮಾತು. ಎಲ್ಲರ ಹೆಸರನ್ನೂ ಮಷೀನಿಗೆ ಕಲಿಸುತ್ತೇನೆ, ಎಲ್ಲರಿಗೂ ನೀರು ಸಿಗುತ್ತದೆ, ಚಿಂತೆ ಮಾಡಬೇಡಿ ಎನ್ನುವಳು. ಮಧ್ಯಾಹ್ನ ಊಟ ಮಾಡಿ, ಸೆರಗನ್ನು ಬಲಕ್ಕೆ ತಿರುಗಿಸಿ, ಕೈಯಲ್ಲಿ ಸೌಟು ಹಿಡಿದು ಅದೇ ಓಣಿಗಳಿಗೆ ಹೋಗುವಳು. ಈ ಸೌಟು ಮೇನಕ್ಕ ಬೆಂಕಿ. "ಮುಂಜಾನೆ ಬಂದಿದ್ಲಲ್ಲ ಛತ್ರಿ, ಆಕಿ ಮಾತು ನಂಬಬ್ಯಾಡ್ರಿ. ಎಲ್ಲಾ ಮಾಡ್ತೀನಿ ಅಂತಾಳ, ಹೆಂಗ ಮಾಡ್ತೀನಿ ಅಂತ ಹೇಳ್ತಾಳೇನು? ಟ್ಯಾಂಕರ್ ಒಂದಽ ಐತಿ, ಮಂದಿ ಇಷ್ಟ ಅದಾರ. ಕೇಳ್ರಿ ಆಕೀನ್ನ!" ಮರುದಿನ ಬೆಳಿಗ್ಗೆ ಜನ ಛತ್ರಿಯನ್ನು ಹಿಡಿದು ನಿಲ್ಲಿಸಿ ಕೇಳುವರು. ಅವಳು ರಾತ್ರಿಯೆಲ್ಲ ಯೋಚಿಸಿದ ಉತ್ತರ ಹೇಳುವಳು. ಮಧ್ಯಾಹ್ನ ಸೌಟು ಬಂದು ಆ ಉತ್ತರದಲ್ಲಿ ತೂತು ಹುಡುಕುವಳು. ನಾನು ಗಂಡ, ನನಗೆ ಎರಡೂ ಕಡೆಯ ಸಿಟ್ಟು. ಛತ್ರಿಗೆ ಚಹಾ ಮಾಡಿಕೊಟ್ಟರೆ ಸೌಟು ಮುಖ ತಿರುಗಿಸುತ್ತಿದ್ದಳು.

ಊರಿಗೆ ಹುಚ್ಚು ಹಿಡಿಯಿತು. ಎಲ್ಲರಿಗೂ ಅವಳು ಒಬ್ಬಳೇ ಎಂದು ಗೊತ್ತು, ಆದರೂ ಯಾರೂ ಹಾಗೆ ಹೇಳಲು ತಯಾರಿಲ್ಲ. ಛತ್ರಿಯವರು, ಸೌಟಿನವರು ಎಂದು ಎರಡು ಪಂಗಡಗಳಾದವು. ಒಂದೇ ಮನೆಯಲ್ಲಿ ಗಂಡ ಛತ್ರಿ, ಹೆಂಡತಿ ಸೌಟು. ಬಿಸಿಲಲ್ಲಿ ಛತ್ರಿ ಹಿಡಿದು ನಡೆದರೆ ಸೌಟಿನವರು ಕೆಮ್ಮುವರು, ಮದುವೆಯಲ್ಲಿ ಸಾರು ಬಡಿಸಲು ಸೌಟು ಎತ್ತಿದರೆ ಅರ್ಧ ಪಂಕ್ತಿ ಚಪ್ಪಾಳೆ ತಟ್ಟುವುದು. ಸಾಂವಕ್ಕ ಸೌಟಿನ ಪಕ್ಷ. "ಛತ್ರಿ ಭಾಳ ಸವಿ ಮಾತಾಡ್ತಾಳ. ನನಗ ಬೈಯ್ಯಾಕಿ ಬೇಕು" ಎನ್ನುತ್ತಿದ್ದಳು. ಇಷ್ಟರಲ್ಲಿ ಗಡಿಯಾರದ ವಿಷಯ ಎಲ್ಲರಿಗೂ ಮರೆತೇ ಹೋಯಿತು. ಅಡಿವೆಪ್ಪ ಓಣಿಗೆ ಬಂದರೆ ಜನ ಅವನನ್ನೇ ನಿಲ್ಲಿಸಿ ಕೇಳುವರು, "ನೀವು ಛತ್ರಿಯವರೋ, ಸೌಟಿನವರೋ?"

ಮತದಾನಕ್ಕೆ ಮುಂಚೆ ಸಂತೆಯ ಕಟ್ಟೆಯ ಮೇಲೆ ಮೂವರೂ ಒಟ್ಟಿಗೆ ಮಾತಾಡುವುದೆಂದು ಗೊತ್ತಾಯಿತು. ನಮ್ಮೂರಲ್ಲಿ ಭಾಷಣವೆಂದರೆ ಮುಕ್ಕಾಲು ಪಾಲು ಹೆಸರು ಕರೆಯುವುದು. ಎದುರು ಕೂತವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಕಿವಿ ತೆರೆಸಿದ ಮೇಲೆಯೇ ಮಾತು. ಅಡಿವೆಪ್ಪ ಮೊದಲು ಎದ್ದ. ಸರಳ ಹೆಸರಿನವರನ್ನು ಸರಾಗವಾಗಿ ಕರೆದ. ಗುರುತಿನವರನ್ನು ಎಡವುತ್ತ ಕರೆದ. ಆಮೇಲೆ ಮಾಡಿದ ಭಾಷಣ ಚೆನ್ನಾಗಿತ್ತೆಂದು ಕೇಳಿಸಿದವರು ಹೇಳಿದರು. ಉಳಿದವರು ಅವನ ಬಾಯಿ ಆಡುವುದನ್ನು ನೋಡುತ್ತ ಶೇಂಗಾ ತಿಂದರು.

ಆಮೇಲೆ ಛತ್ರಿ ಮೇನಕ್ಕ ಬಿಚ್ಚಿದ ಛತ್ರಿ ಹಿಡಿದು ಎದ್ದಳು. ಊರನ್ನೆಲ್ಲ ಅಲೆ, ಚುಕ್ಕಿ, ಉಂಗುರ ತಪ್ಪದೆ ಕರೆದಳು. ಒಂದೊಂದು ಹೆಸರಿಗೂ ಒಂದೊಂದು ಮುಖ ಮೇಲೆದ್ದಿತು. ತನ್ನ ಮಾತು ಹೇಳಿದಳು, ಛತ್ರಿ ಮಡಚಿದಳು, ಕಟ್ಟೆಯ ಆ ತುದಿಗೆ ನಡೆದಳು, ಸೆರಗು ತಿರುಗಿಸಿದಳು, ಸೌಟು ಎತ್ತಿದಳು. ಕಟ್ಟೆಯ ಕೆಳಗೆ ಸಿಳ್ಳೆ, ಕೂಗು. ಹೊಸದಾಗಿ ಎದ್ದವಳು ಹೊಸದಾಗಿ ಕರೆಯಬೇಕಲ್ಲ, ಮತ್ತೆ ಎಲ್ಲರನ್ನೂ ಕರೆದಳು. ಕೊನೆಗೆ ಪಕ್ಕದ ಕುರ್ಚಿಯಲ್ಲಿದ್ದ ಎದುರಾಳಿಯ ಕಡೆ ತಿರುಗಿದಳು. "ಅಡಿವೆಪ್ಪಾ" ಎಂದಳು. ಎಲ್ಲರೂ ಕರೆಯುವ ಹಾಗಲ್ಲ. 'ವೆ' ಬಂದಾಗ ದನಿಯನ್ನು ಕೂಸನ್ನು ಕಂಕುಳಿಗೆ ಎತ್ತಿಕೊಂಡ ಹಾಗೆ ಮೇಲಕ್ಕೆ ಎತ್ತಿದಳು.

ಅಡಿವೆಪ್ಪ ಕಿವಿಯ ಹಿಂದಿದ್ದ ಕೈಯನ್ನು ಇಳಿಸಿದ. ನಾನು ಮುಂದಿನ ಸಾಲಿನಲ್ಲಿದ್ದೆ, ಸರಿಯಾಗಿ ನೋಡಿದೆ. ಅವನು ಸುತ್ತಲೂ ನೋಡಿದ, ಮೋಡ ಸರಿದು ಬಿಸಿಲು ಬಿದ್ದಾಗ ನಾವು ನೋಡುತ್ತೇವಲ್ಲ, ಹಾಗೆ. ಸೌಟು ಮೇನಕ್ಕ ಅವನನ್ನೂ ಛತ್ರಿಯನ್ನೂ ಒಟ್ಟಿಗೆ ಹಿಡಿದು ಹುರಿದು ಹಾಕಿದಳು. ಅವನು ಒಂದು ಸಲವೂ "ಆಂ?" ಎನ್ನಲಿಲ್ಲ. ಬೈಸಿಕೊಳ್ಳುತ್ತ ಕೂತ ಅವನ ಮುಖದಲ್ಲಿ ಒಂಥರಾ ನಗು ಇತ್ತು.

ಮನೆಗೆ ಬಂದು ಅದೇನೆಂದು ಕೇಳಿದೆ. "ಅವರವ್ವ ಕಲ್ಲವ್ವ ಹಂಗಽ ಕರೀತಿದ್ಲು" ಎಂದಳು ಮೇನಕ್ಕ. "ನಾವು ಸಣ್ಣವರಿದ್ದಾಗ ಸಂಜೀಕ ಓಣಿ ತುದಿಗೆ ನಿಂತು. ಹಲಗೀ ಮ್ಯಾಲ ಗೆರಿನೂ ಇತ್ತು. ಅಧ್ಯಕ್ಷ ಆದ ಮ್ಯಾಲ ಅಂವ ಬಣ್ಣಾ ಹಚ್ಚಿ ಮುಚ್ಚಿಸಿದ, ಹೆಸರು ಸ್ವಚ್ಛ ಕಾಣತೈತಿ ಅಂತ. ಅವ್ವ ಹೋದ ಮ್ಯಾಲ ಅಂವನ್ನ ಪೂರಾ ಹೆಸರಿಂದ ಕರದವರಽ ಇಲ್ಲ. ಅರ್ಧ ಹೆಸರಿಗೆ ಅರ್ಧ ಕೇಳತೈತಿ. ಕಿವಿ ಮಂದ ಅಲ್ಲ ಅಂವಂದು."

"ಮೊದಲಽ ಯಾಕ ಕರೀಲಿಲ್ಲ?"

"ಸಿಟ್ಟಿತ್ತು" ಎಂದಳು. "ಕರದಿದ್ದು ನಾ ಅಲ್ಲ, ಸೌಟು. ಆಕೀಗೆ ಬೈಯ್ಯೂದಿತ್ತು. ಪೂರಾ ಕೇಳಸ್ಲಿಲ್ಲ ಅಂದ್ರ ಬೈದು ಏನ್ ಉಪಯೋಗ?"

ಓಟು ಎಣಿಸಿದ ದಿನ ಆಫೀಸಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಛತ್ರಿ, ಸೌಟು, ಛತ್ರಿ, ಸೌಟು ಎಂದು ಎದ್ದೂಬಿದ್ದೂ ಓಡಿ, ಕೊನೆಗೆ ಒಂದೇ ಒಂದು ಓಟಿನಿಂದ ಛತ್ರಿ ಮೇನಕ್ಕ ಗೆದ್ದಳು. ಸೌಟು ಎರಡನೆಯದು. ಗಡಿಯಾರ ಎಷ್ಟು ಹಿಂದೆ ಬಿದ್ದಿತೆಂದರೆ ಅಡಿವೆಪ್ಪನ ಮನೆಯವರೆಲ್ಲರೂ ಅದಕ್ಕೆ ಹಾಕಿರಲಿಕ್ಕಿಲ್ಲ ಎಂದು ಜನ ಆಡಿಕೊಂಡರು. ಗೆದ್ದವರಿಗೆ ಅಧ್ಯಕ್ಷರ ಕುರ್ಚಿ, ಎರಡನೆಯವರಿಗೆ ಎದುರಿನ ವಿರೋಧಿ ಕುರ್ಚಿ, ಇದು ನಮ್ಮ ಊರಿನ ಹಳೆಯ ನಿಯಮ. ಆ ಸಂಜೆ ಮೇನಕ್ಕ ಮೆರವಣಿಗೆಯಲ್ಲಿ ಹೂವಿನ ಹಾರ ಹಾಕಿಸಿಕೊಂಡು ಹೋದಳು. ಮುಗಿದ ಮೇಲೆ ಸೋತ ಸೌಟಿನವರ ಓಣಿಗೆ ಬಂದು, ಸೆರಗು ತಿರುಗಿಸಿ, ಅವರೊಂದಿಗೆ ಕೂತು ಚೂರು ಅತ್ತಳು.

ಮೊದಲ ಸಭೆಯಲ್ಲಿ ಅವಳು ಆ ಕುರ್ಚಿಯಿಂದ ಈ ಕುರ್ಚಿಗೆ ಎಷ್ಟು ಸಲ ಓಡಾಡಿದಳೋ. ಛತ್ರಿ ಠರಾವು ಮಂಡಿಸಿದಳು. ಎಲ್ಲ ಗುರುತುಗಳನ್ನೂ ಮೈಕಿಗೆ ಕಲಿಸಬೇಕು, ಗುರುತನ್ನು ಅಂಟಿಸಿ ಬರೆದರೂ ಬಿಡಿಯಾಗಿ ಬರೆದರೂ ಮಷೀನು ಅದನ್ನು ಒಂದೇ ಎಂದು ತಿಳಿಯಬೇಕು. ಸೌಟು ಎದ್ದು ಎಲ್ಲದಕ್ಕೂ ತಕರಾರು ತೆಗೆದಳು. ಕಲಿಸುವವರು ಯಾರು, ತಪ್ಪಿದರೆ ಯಾರನ್ನು ಕೇಳುವುದು, ಕಲಿಸುವ ತನಕ ಸಾಂವಕ್ಕ ಏನು ಕುಡಿಯಬೇಕು? ಅದರಿಂದ ಠರಾವಿಗೆ ಇನ್ನೊಂದು ಸಾಲು ಸೇರಿತು, ಅಷ್ಟು ದಿನ ಹೆಸರುಗಳನ್ನು ಬಾಯಿಂದಲೇ ಕರೆಯಬೇಕೆಂದು. ಆಗ ಸುಲೋಚನಾ ಎದ್ದು ನಿಂತಳು.

"ಅಕ್ಕಾ, ಒಂದು ಮಾತು. ಎರಡೂ ಬಗೆಯ ಬರಹ ಒಂದೇ ಅಂತ ಮಷೀನಿಗೆ ಹೇಳಿಬಿಟ್ಟರೆ ನೀವೂ ಒಬ್ಬರೇ ಆಗ್ತೀರಿ. ಗೆದ್ದವರು ಉಳೀತಾರೆ. ಇನ್ನೊಬ್ಬರು ಇರೋದಿಲ್ಲ."

ಮೇನಕ್ಕ ಆಗ ವಿರೋಧಿ ಕುರ್ಚಿಯಲ್ಲಿದ್ದಳು, ಸೌಟು ತೊಡೆಯ ಮೇಲಿತ್ತು. ಕೆಳಗಿನ ಸಾಲಿನಲ್ಲಿದ್ದ ಸಾಂವಕ್ಕನನ್ನು ಒಮ್ಮೆ ನೋಡಿದಳು. ಆಮೇಲೆ ಸೌಟನ್ನು ಮೇಲಕ್ಕೆತ್ತಿ "ನನ್ನ ತಕರಾರು ಏನೂ ಇಲ್ಲ. ಹೂಂ, ಒತ್ತು" ಎಂದಳು. ಸುಲೋಚನಾ ಒತ್ತಿದಳು.

ಮೈಕು ಕಲಿಯಲು ಒಂದಷ್ಟು ದಿನ ಹಿಡಿಯಿತು. ನಾನೂ ಹಾರ್ಮೋನಿಯಂ ಒಯ್ದು ಕೂತು ಎಲ್ಲೆಲ್ಲಿ ದನಿ ಏರಬೇಕೆಂದು ಹಿಡಿದುಕೊಟ್ಟೆ. ಕಲಿತ ಮೇಲೆ ಮೊದಲ ಸಲ ಟ್ಯಾಂಕರು ಬಂದಾಗ ಅದು ಸಾಂವಕ್ಕನ ಹೆಸರನ್ನೇ ಕೂಗಿತು, ಮೂಗಿನಿಂದ, ತುಸು ಶೀತವಾದವರ ಹಾಗೆ, ಆದರೆ ಸರಿಯಾಗಿ. ಸಾಂವಕ್ಕ ಬೆಚ್ಚಿ ತಲೆಯೆತ್ತಿ ಕಂಬದ ಮೇಲಿನ ಮೈಕನ್ನು ನೋಡಿದಳು. "ಬಂದ್ನಿ ತಮ್ಮಾ, ಬಂದ್ನಿ" ಎನ್ನುತ್ತ ಕೊಡ ಎತ್ತಿಕೊಂಡು ಓಡಿದಳು. ಆ ವಯಸ್ಸಿನಲ್ಲಿ ಅವಳು ಓಡಬಲ್ಲಳೆಂದು ಯಾರಿಗೂ ಗೊತ್ತಿರಲಿಲ್ಲ.

ಅದೇ ಸಂಜೆ ನಮ್ಮ ಮನೆಗೆ ಸೌಟಿನವರು ಮಾತಾಡಿಸಲು ಬಂದರು. ಸತ್ತವರ ಮನೆಗೆ ಬರುವ ಹಾಗೆ, ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟು, ಗೋಡೆಗೆ ಒರಗಿ ಕೂತರು. ಬಂದವರಿಗೆಲ್ಲ ಮೇನಕ್ಕನೇ ಚಹಾ ಕೊಟ್ಟಳು.

"ಭಾಳ ಖರೇ ಮಾತಿನಾಕಿ ಇದ್ಲು" ಎಂದಳು ಸಾಂವಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು.

"ಹೌದವ್ವಾ" ಎಂದಳು ಮೇನಕ್ಕ. "ನನಗ ಏನ್ ಕಡಿಮಿ ಬೈದಾಳೇನು? ಆದ್ರೂ ಆಕಿ ಇದ್ದಾಗ ಧೈರ್ಯ ಇತ್ತು." ಹೇಳುತ್ತ ಹೇಳುತ್ತ ಅವಳು ನಿಜಕ್ಕೂ ಅಳತೊಡಗಿದಳು. ನನಗೂ ಏನೋ ಆಯಿತು, ಚಹಾದ ತಟ್ಟೆ ಹಿಡಿದು ಒಳಗೆ ಹೋದೆ. ಸುಳ್ಳೇಕೆ, ಸಿಟ್ಟಿನವಳೇ ಆದರೂ ಅವಳೂ ನನ್ನ ಹೆಂಡತಿಯೇ ಆಗಿದ್ದಳಲ್ಲ.

ಬಾಗಿಲಲ್ಲಿ ಯಾರೋ ಮೇನಕ್ಕನನ್ನು ಕರೆದರು. ಬಾಯಿ ಅಗಲ ಮಾಡಿ, ಅರ್ಧ ಉಸಿರನ್ನು ಮೂಗಿಗೆ ಬಿಟ್ಟು, ಬಹಳ ಜಾಗರೂಕತೆಯಿಂದ. ತಿರುಗಿ ನೋಡಿದರೆ ಅಡಿವೆಪ್ಪ. ದನದ ಕೊಟ್ಟಿಗೆಯಲ್ಲಿ ನಿಂತು ದಿನಾ ಅಭ್ಯಾಸ ಮಾಡುತ್ತಿದ್ದನೆಂದು ಅವನ ಹೆಂಡತಿ ಆಮೇಲೆ ಹೇಳಿದಳು. ಮೇನಕ್ಕ ಎದ್ದು ನಿಂತಳು. ಅವನನ್ನು ಅವನ ಪೂರ್ತಿ ಹೆಸರಿನಿಂದ ಒಳಗೆ ಕರೆದಳು.

ಅವನು ಒಂದು ಮೂಲೆಯಲ್ಲಿ ಕೂತ. ಟೋಪಿ ತೆಗೆದು ಮೊಳಕಾಲ ಮೇಲಿಟ್ಟುಕೊಂಡ. "ಆಕಿ ಸಲುವಾಗಿ ಬಂದೀನಿ" ಎಂದ. "ನನ್ನ ಓಟು ನಾ ಆಕಿಗೇ ಹಾಕಿದ್ದೆ."

ಸಾಂವಕ್ಕ "ಹಂಗಾದ್ರ ನೀನೂ ನಮ್ಮಾಂವನಽ!" ಎಂದು ಕೈ ತಟ್ಟಿದಳು. ನಗು ಎಲ್ಲಿಂದ ಶುರುವಾಯಿತೋ, ಗೋಡೆಗೆ ಒರಗಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅಡಿವೆಪ್ಪನೂ ನಕ್ಕ. ಮೇನಕ್ಕ ಅಳುತ್ತಲೇ ನಗುತ್ತ, "ಆಕಿ ಕುರ್ಚಿ ಖಾಲಿ ಐತಿ. ನಿಯಮದ ಪ್ರಕಾರ ಈಗ ನಿಮ್ದು. ಬಂದು ಕುಂದರ್ರಿ. ಆದ್ರ ಆಕಿ ಹಂಗ ಬೈಬೇಕು" ಎಂದಳು.

ಬೈದ. ಮುಂದಿನ ಸಭೆಯಲ್ಲಿ ಮೊದಲ ಠರಾವಿಗೇ ಎಂಥ ತಕರಾರು ತೆಗೆದನೆಂದರೆ ಸೌಟಿನವರು ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದರು. ಸಭೆ ಮುಗಿದ ಮೇಲೆ ಅವನು ಸುಲೋಚನಾಳ ಮೇಜಿನ ಮುಂದೆ ಹೋಗಿ ನಿಂತ. "ನನ್ನ 'ವೆ' ಮ್ಯಾಲ ಒಂದು ಗೆರಿ ಹಾಕವ್ವಾ" ಎಂದ.

"ಅಂಟಿಸಿ ಹಾಕಲಾ, ಬಿಡಿಯಾಗಿ ಹಾಕಲಾ?"

"ಹೆಂಗ ಹಾಕಿದ್ರೂ ಈಗ ಒಂದಽ ಅಲ್ಲೇನು?"

ಅಡಿವೆಪ್ಪನ ಮನೆಯ ಹಿತ್ತಿಲಲ್ಲಿ ಬಾವಿಯಿದೆ, ಯಾವ ಬೇಸಿಗೆಗೂ ಬತ್ತಿದ್ದಿಲ್ಲ. ಆದರೂ ಈಗ ಟ್ಯಾಂಕರು ಬರುವ ದಿನ ಅವನೂ ಎಲ್ಲರ ಜೊತೆ ಖಾಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುತ್ತಾನೆ. ತನ್ನ ಸರದಿ ಬರುವ ತನಕ ಕಂಬದ ಮೇಲಿನ ಮೈಕನ್ನೇ ನೋಡುತ್ತಿರುತ್ತಾನೆ. ಹೆಸರು ಕೂಗಿದ ಕೂಡಲೇ ಹೋಗಿ ಕೊಡ ತುಂಬಿಸುತ್ತಾನೆ, ತುಂಬಿದ ಕೊಡವನ್ನು ಹಿಂದೆ ನಿಂತ ಯಾರದೋ ಕೈಗೆ ಕೊಟ್ಟು, ಟೋಪಿ ಸರಿಮಾಡಿಕೊಂಡು, ಬರಿಗೈಯಲ್ಲಿ ಮನೆಗೆ ನಡೆಯುತ್ತಾನೆ.